ಮುರಿಯಿತೋ, ಹರಿಯಿತೋ, ಕುಸಿಯಿತೋ

ನಾನು ಓದುತ್ತಿದ್ದ ಕಾಲದಲ್ಲಿ ನಮ್ಮ ಪ್ರಯೋಗಾಲಯದಲ್ಲಿ ಒಂದು ದಪ್ಪ ರಟ್ಟಿನ ದಾಖಲೆ ಪುಸ್ತಕವಿತ್ತು. ಯಂತ್ರಕ್ಕೆ ಕೊಟ್ಟು ಎಳೆದ, ಒತ್ತಿದ, ಬಾಗಿಸಿದ ಪ್ರತಿಯೊಂದು ತುಂಡಿಗೂ ಅದರಲ್ಲಿ ಒಂದು ಸಾಲು. ತಾರೀಖು, ಅಳತೆ, ತೂಕ, ಗರಿಷ್ಠ ಭಾರ, ಕಟ್ಟಕಡೆಗೆ ‘ಮುರಿದ ಬಗೆ’ ಎಂಬ ಅಂಕಣ. ಅದನ್ನು ಬರೆಯುತ್ತಿದ್ದವರು ಯಂತ್ರ ನೋಡಿಕೊಳ್ಳುತ್ತಿದ್ದ ಹಿರಿಯರು. ನಾವೆಲ್ಲ ಅವರನ್ನು ಮೇಸ್ತ್ರಿಗಳು ಎನ್ನುತ್ತಿದ್ದೆವು. ಉಕ್ಕಿನ ಸರಳಾದರೆ ‘ಸೊಂಟ ಸಣ್ಣಗಾಗಿ ಮುರಿಯಿತು’, ಬೀಡು ಕಬ್ಬಿಣವಾದರೆ ‘ಸಪಾಟಾಗಿ ಮುರಿಯಿತು’ ಎಂದು ಕನ್ನಡದಲ್ಲೇ ಬರೆದು ಮುಗಿಸುತ್ತಿದ್ದರು. ನಾನು ಅಲ್ಯೂಮಿನಿಯಂ ನೊರೆಯ ತುಂಡೊಂದನ್ನು ಮೊದಲ ಸಲ ಒತ್ತಿಸಿದ ದಿನ ಆ ಅಂಕಣದ ಹತ್ತಿರ ಅವರ ಪೆನ್ನು ನಿಂತುಬಿಟ್ಟಿತು.

“ನೋಡಮ್ಮ, ಇದು ಯಾವಾಗ ಮುರಿಯಿತು? ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ, ನನಗೆ ಕಾಣಲೇ ಇಲ್ಲ” ಎಂದರು.

ತುಂಡು ಯಂತ್ರದ ಎರಡು ತಟ್ಟೆಗಳ ನಡುವೆ ಅರ್ಧ ಎತ್ತರಕ್ಕೆ ಇಳಿದು ಕೂತಿತ್ತು. ಒಂದು ಚೂರೂ ಉದುರಿರಲಿಲ್ಲ. ಕೈಗೆ ತೆಗೆದುಕೊಂಡರೆ ಇನ್ನೂ ಒಂದೇ ತುಂಡು. ಮೇಸ್ತ್ರಿಗಳು ಸ್ವಲ್ಪ ಹೊತ್ತು ಅದನ್ನು ತಿರುವಿ ಹಾಕಿ ನೋಡಿ, ‘ಕುಸಿಯಿತು. ಮುರಿದಿಲ್ಲ’ ಎಂದು ಬರೆದರು. ಅಂಕಣದ ತಲೆಬರಹಕ್ಕೇ ಎದುರಾಡಿದ ಸಾಲು ಅದು. ನನಗೆ ಆಗ ನಗು ಬಂದಿತ್ತು. ಆಮೇಲೆ ಎರಡು ವರ್ಷ ನಾನು ಮಾಡಿದ ಕೆಲಸವೆಲ್ಲ ಆ ಎರಡು ಪದಗಳ ವಿವರಣೆ ಅಷ್ಟೇ ಎಂದು ಈಗ ಅನ್ನಿಸುತ್ತದೆ.

ಕನ್ನಡದಲ್ಲಿ ಬಳೆ ಒಡೆಯುತ್ತದೆ, ಕೋಲು ಮುರಿಯುತ್ತದೆ, ಪಂಚೆ ಹರಿಯುತ್ತದೆ, ಗೋಡೆ ಬಿರಿಯುತ್ತದೆ, ಹಗ್ಗ ಕಿತ್ತುಹೋಗುತ್ತದೆ, ಸೌದೆ ಸೀಳುತ್ತದೆ, ಬಾವಿಯ ದಂಡೆ ಕುಸಿಯುತ್ತದೆ. ಬಳೆ ಹರಿಯಿತು ಎಂದು ಯಾರೂ ಹೇಳುವುದಿಲ್ಲ. ಹೇಳಿದರೆ ಮೂರು ವರ್ಷದ ಮಗುವೂ ನಗುತ್ತದೆ. ಯಾವ ವಸ್ತು ಹೇಗೆ ಸೋಲುತ್ತದೆ ಎಂಬ ಶಾಸ್ತ್ರವನ್ನು ನಾವು ಕ್ರಿಯಾಪದಗಳಲ್ಲಿ ಆಗಲೇ ಅರ್ಧ ಬರೆದಿಟ್ಟುಕೊಂಡಿದ್ದೇವೆ. ಲೋಹದ ನೊರೆಯ ತೊಂದರೆ ಏನೆಂದರೆ, ಅದಕ್ಕೆ ಒಂದು ಕ್ರಿಯಾಪದ ಸಾಲುವುದಿಲ್ಲ. ಒತ್ತಿದರೆ ಒಂದು, ಎಳೆದರೆ ಇನ್ನೊಂದು.

ವಸ್ತುವನ್ನು ಕಾಣದವರಿಗೆ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ನಾನು ಬಳಸುತ್ತಿದ್ದದ್ದು ಐದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ತುಂಡು. ದೂರಕ್ಕೆ ಬೂದು ಬಣ್ಣದ ಬ್ರೆಡ್ಡು. ಹತ್ತಿರ ಹಿಡಿದರೆ ಕೊಯ್ದ ಮುಖದ ತುಂಬ ಮೂರು ನಾಲ್ಕು ಮಿಲಿಮೀಟರ್ ಅಗಲದ ಗೂಡುಗಳು, ಒಳಗೆಲ್ಲ ಬೆಳ್ಳಿಯ ಹೊಳಪು. ಎರಡು ಗೂಡುಗಳ ನಡುವಿನ ಗೋಡೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ಬರೆಯುವ ಹಾಳೆಯಷ್ಟು ತೆಳು. ಇಷ್ಟೇ ಗಾತ್ರದ ಗಟ್ಟಿ ಅಲ್ಯೂಮಿನಿಯಂ 337 ಗ್ರಾಂ ತೂಗುತ್ತದೆ. ಇದು 31 ಗ್ರಾಂ. ನೀರಿಗೆ ಹಾಕಿದರೆ ತೇಲುತ್ತದೆ. ಮೇಸ್ತ್ರಿಗಳು ಬಕೆಟ್ಟಿನಲ್ಲಿ ಬಿಟ್ಟು ನೋಡಿದ್ದರು, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಇನ್ನೂ ನಾಲ್ಕು ಜನರನ್ನು ಕರೆದು ತೋರಿಸಿದ್ದರು.

ಇದನ್ನು ಗರಗಸದಲ್ಲಿ ಕೊಯ್ಯುವಂತಿಲ್ಲ, ಅಂಚಿನ ಗೋಡೆಗಳೆಲ್ಲ ಮಡಚಿಕೊಳ್ಳುತ್ತವೆ. ತೆಳು ತಂತಿಯೊಂದರಿಂದ ವಿದ್ಯುತ್ ಕಿಡಿ ಹಾರಿಸುತ್ತಾ ಲೋಹವನ್ನು ಕೊಯ್ಯುವ ಯಂತ್ರ ಬೇಕು. ಪೀಣ್ಯದ ಕಡೆ ಅದಕ್ಕೆ ‘ವೈರ್ ಕಟ್’ ಎನ್ನುತ್ತಾರೆ. ಕೊಯ್ದ ಮುಖದ ಚದರ ಅಳತೆಗೆ ಅಲ್ಲಿ ದರ. ಮುಖದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಗಾಳಿಯೇ ಇದೆಯಲ್ಲ, ಗಾಳಿ ಕೊಯ್ದದ್ದಕ್ಕೂ ದುಡ್ಡೇ ಎಂದು ನಾನು ಚೌಕಾಸಿಗೆ ಇಳಿದಿದ್ದೆ. ತಂತಿ ಹಿಡಿತ ತಪ್ಪಿ ತಪ್ಪಿ ಎರಡರಷ್ಟು ಹೊತ್ತು ಹಿಡಿಯಿತು ಎಂದು ಅವರೇ ಜಾಸ್ತಿ ಕೇಳಿದರು.

ಲೋಹಕ್ಕೆ ನೊರೆ ಬರಿಸುವ ಆಲೋಚನೆ ಹಳೆಯದು. 1948ರಲ್ಲಿ ಅಮೆರಿಕದ ಬೆಂಜಮಿನ್ ಸಾಸ್ನಿಕ್ ಪಡೆದ ಪೇಟೆಂಟಿನಲ್ಲಿ ಅಲ್ಯೂಮಿನಿಯಮ್ಮಿನ ಜೊತೆ ಪಾದರಸವನ್ನು ಮುಚ್ಚಿದ ಪಾತ್ರೆಯಲ್ಲಿ ಒತ್ತಡದಡಿ ಕಾಯಿಸಿ, ಆಮೇಲೆ ಒತ್ತಡ ಬಿಟ್ಟರೆ ಪಾದರಸ ಆವಿಯಾಗಿ ಲೋಹ ಉಬ್ಬುತ್ತದೆ ಎಂದಿದೆ. ಪಾದರಸದ ಆವಿ! ಆ ದಾರಿ ಅಲ್ಲಿಗೇ ನಿಂತದ್ದು ಒಳ್ಳೆಯದಾಯಿತು. ನನ್ನ ಕೈಗೆ ಬಂದದ್ದು ಜಪಾನಿನ ಶಿಂಕೋ ವೈರ್ ಕಂಪನಿ 1980ರ ದಶಕದಲ್ಲಿ ರೂಪಿಸಿದ ‘ಅಲ್ಪೋರಾಸ್’ ಎಂಬ ನೊರೆ. ಬರೀ ನೀರನ್ನು ಎಷ್ಟು ಕಡೆದರೂ ನೊರೆ ನಿಲ್ಲುವುದಿಲ್ಲ, ಅಂಟುವಾಳ ಬೇಕು. ಬರೀ ಅಲ್ಯೂಮಿನಿಯಮ್ಮಿನದೂ ಅದೇ ಕಥೆ. ಅದಕ್ಕೇ ಸುಮಾರು 680 ಡಿಗ್ರಿಯಲ್ಲಿ ಕರಗಿದ ಲೋಹಕ್ಕೆ ನೂರಕ್ಕೆ ಒಂದೂವರೆಯಷ್ಟು ಕ್ಯಾಲ್ಸಿಯಂ ಹಾಕಿ ಗಾಳಿಗೊಡ್ಡಿ ಕಡೆಯುತ್ತಾರೆ. ಲೋಹ ಮಂದವಾಗುತ್ತದೆ. ಆಮೇಲೆ ಟೈಟೇನಿಯಂ ಹೈಡ್ರೈಡ್ ಪುಡಿ ಉದುರಿಸುತ್ತಾರೆ, ಬಿಸಿಗೆ ಅದು ಹೈಡ್ರೋಜನ್ ಬಿಡುತ್ತದೆ, ಇಡೀ ಪಾತ್ರೆ ಉಕ್ಕುತ್ತದೆ. ಉಕ್ಕಿದ್ದು ಇಳಿಯುವುದರೊಳಗೆ ತಣ್ಣಗಾಗಿಸಿಬಿಡಬೇಕು.

ಮೈಸೂರು ಪಾಕ್ ಮಾಡುವವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಬೆಣ್ಣೆಯಂತೆ ಕರಗುವ ಈಗಿನ ಮೆತ್ತನೆಯ ಬಗೆಯದಲ್ಲ, ಹಳೆಯ ಕಾಲದ ಗೂಡು ಗೂಡಾದ, ಕಚ್ಚಿದರೆ ಪುಡಿಯಾಗುವ ಮೈಸೂರು ಪಾಕ್. ಕಡಲೆಹಿಟ್ಟು ಕೂಡಿದ ಪಾಕಕ್ಕೆ ಕಾದ ತುಪ್ಪ ಸುರಿದಾಗ ಬುಸ್ಸೆಂದು ಏಳುವ ನೊರೆಯನ್ನು ಆ ಕ್ಷಣದಲ್ಲೇ ತಟ್ಟೆಗೆ ಬಗ್ಗಿಸಿ ಹಿಡಿದದ್ದು ಅದು. ಒಂದು ಕ್ಷಣ ತಡವಾದರೆ ಕಲ್ಲು. ಲೋಹದಲ್ಲೂ ತಡವಾದರೆ ದ್ರವ ಕೆಳಗೆ ಸೋರಿ ತಳ ದಪ್ಪ, ಮೇಲೆ ಬರೀ ಗಾಳಿ. ಬೇಗ ತಣಿಸಿದರೂ ಒಂದಷ್ಟು ಸೋರಿಕೆ ತಪ್ಪುವುದಿಲ್ಲ. ಈ ‘ಒಂದಷ್ಟು’ ಎಂಬುದನ್ನು ನೆನಪಿಡಿ, ಮುಂದೆ ಕಾಟ ಕೊಡುವುದು ಅದೇ.

ಈಗ ಒತ್ತುವ ವಿಷಯ. 31 ಗ್ರಾಂ ತೂಕದ ನನ್ನ ತುಂಡು ಕುಸಿಯಲು ಶುರುವಾದದ್ದು ಸುಮಾರು ಒಂದೂವರೆ ಮೆಗಾಪಾಸ್ಕಲ್ ಒತ್ತಡದಲ್ಲಿ. ಲೆಕ್ಕ ಹಾಕಿದರೆ 380 ಕಿಲೋ ಭಾರ, ಐವತ್ತು ಕಿಲೋದ ಏಳೂವರೆ ಮೂಟೆ ಅಕ್ಕಿ. ಕೇಳಲು ಭಾರೀ ಎನ್ನಿಸಿದರೂ ಗಟ್ಟಿ ಅಲ್ಯೂಮಿನಿಯಮ್ಮಿನ ಮುಂದೆ ಇದು ಏನೇನೂ ಅಲ್ಲ. ಲೋಹವನ್ನು ಹತ್ತನೇ ಒಂದು ಪಾಲಿಗೆ ಇಳಿಸಿದರೆ ಬಲವೂ ಹತ್ತನೇ ಒಂದಕ್ಕೆ ಇಳಿಯಬೇಕು ಎಂದು ನಾವು ಎಣಿಸುತ್ತೇವೆ. ಅದು ಇಳಿಯುವುದು ನೂರನೇ ಒಂದರ ಆಸುಪಾಸಿಗೆ.

ಯಾಕೆ ಎಂಬುದನ್ನು ಚೆನ್ನಾಗಿ ಬಿಡಿಸಿ ಹೇಳಿದವರು ಲೋರ್ನಾ ಗಿಬ್ಸನ್ ಮತ್ತು ಮೈಕೆಲ್ ಆಶ್ಬಿ, 1980ರ ದಶಕದಲ್ಲಿ. ಅಡಿಕೆ ದಬ್ಬೆಯೊಂದನ್ನು ಉದ್ದಕ್ಕೆ ಎಳೆದು ತುಂಡು ಮಾಡುವುದು ಯಾರಿಂದಲೂ ಆಗದು. ಅದನ್ನೇ ಎರಡು ಕಲ್ಲಿನ ಮೇಲೆ ಅಡ್ಡ ಇಟ್ಟು ನಡುವೆ ಕಾಲಿಟ್ಟರೆ ಬಾಗುತ್ತದೆ. ನೊರೆಯ ಗೂಡಿನ ಅಂಚುಗಳು ಎರಡನೆಯ ಬಗೆಯಲ್ಲಿ ಭಾರ ಹೊರುತ್ತವೆ. ಅವು ಬಾಗುತ್ತವೆ. ಬಾಗುವ ವಸ್ತುವಿಗೆ ತೆಳ್ಳಗಾಗುವುದು ಬಹಳ ದುಬಾರಿ. ಸಾಂದ್ರತೆ ಅರ್ಧವಾದರೆ ಬಿಗಿತ ಕಾಲು ಭಾಗಕ್ಕೆ ಇಳಿಯುತ್ತದೆ, ಕುಸಿಯುವ ಬಲ ಸುಮಾರು ಮೂರನೇ ಒಂದಕ್ಕೆ. ಮುಚ್ಚಿದ ಗೂಡುಗಳಿಗೆ ಚಪ್ಪಟೆ ಗೋಡೆಗಳೂ ಇರುವುದರಿಂದ ಅವು ಇನ್ನಷ್ಟು ಗಟ್ಟಿಯಾಗಿರಬೇಕಿತ್ತು. ಆದರೆ ನಿಜವಾದ ನೊರೆಯಲ್ಲಿ ಗೋಡೆ ಚಪ್ಪಟೆಯಾಗಿರುವುದಿಲ್ಲ. ತಣಿಯುವಾಗ ಸುಕ್ಕುಗಟ್ಟಿರುತ್ತದೆ, ಡೊಂಕಾಗಿರುತ್ತದೆ, ಅಲ್ಲಲ್ಲಿ ತೂತಾಗಿರುತ್ತದೆ. ಸುಕ್ಕುಗಟ್ಟಿದ ಗೋಡೆ ಇದ್ದೂ ಇಲ್ಲದ ಹಾಗೆ.

ಬಲ ಕಡಿಮೆಯಾದರೂ ನೊರೆಯ ಗುಣ ಗೊತ್ತಾಗುವುದು ಕುಸಿಯಲು ಶುರುವಾದ ಮೇಲೆ. ಬೇರೆ ವಸ್ತುಗಳಲ್ಲಿ ಗರಿಷ್ಠ ಭಾರ ಮುಟ್ಟಿದರೆ ಕಥೆ ಮುಗಿಯಿತು. ಇಲ್ಲಿ ಗ್ರಾಫಿನ ಗೆರೆ ಮೇಲೇರಿ, ಅಡ್ಡಕ್ಕೆ ತಿರುಗಿ, ಬಯಲುಸೀಮೆಯ ರಸ್ತೆಯಂತೆ ಹೋಗುತ್ತಲೇ ಇರುತ್ತದೆ. ಒಂದು ಸಾಲು ಗೂಡು ಅಪ್ಪಚ್ಚಿಯಾಗುತ್ತದೆ, ಗೋಡೆಗೆ ಗೋಡೆ ತಾಗಿ ಅಲ್ಲಿ ಗಟ್ಟಿಯಾಗುತ್ತದೆ, ಆಗ ಇನ್ನೆಲ್ಲೋ ಮತ್ತೊಂದು ಸಾಲು ಬೀಳುತ್ತದೆ. ಅಷ್ಟೂ ಹೊತ್ತು ಭಾರ ಹೆಚ್ಚುಕಡಿಮೆ ಅಷ್ಟೇ. ಮೂರು ಸೆಂಟಿಮೀಟರ್ ಕುಸಿಯುವ ತನಕ ನನ್ನ ತುಂಡು ನುಂಗಿಕೊಂಡ ಶಕ್ತಿ ಸುಮಾರು 112 ಜೂಲ್. ಸಿಪ್ಪೆ ಸಮೇತ ಒಂದೂವರೆ ಕಿಲೋ ತೂಗುವ ತೆಂಗಿನಕಾಯಿ ಇಪ್ಪತ್ತೈದು ಅಡಿ ಎತ್ತರದಿಂದ ಬಿದ್ದಾಗ ನೆಲಕ್ಕೆ ಕೊಡುವುದು ಇಷ್ಟನ್ನೇ. ಒಂದು ಮುಷ್ಟಿಯಷ್ಟು ನೊರೆ ಆ ಹೊಡೆತವನ್ನು ತನ್ನಲ್ಲೇ ಇಟ್ಟುಕೊಂಡು, ಅಡಿಯಲ್ಲಿರುವುದಕ್ಕೆ 380 ಕಿಲೋಗಿಂತ ಹೆಚ್ಚಿನ ಭಾರ ದಾಟಿಸುವುದಿಲ್ಲ. ಅಪಘಾತದಲ್ಲಿ ಕಾರಿನ ಒಳಗೆ ಕೂತವರಿಗೆ ಬೇಕಾದದ್ದು ಇಂಥ ಗುಣ. ಹಾಗಾಗಿಯೇ ಕಾರು ತಯಾರಕರು ಒಂದು ಕಾಲಕ್ಕೆ ಇದರ ಹಿಂದೆ ಬಿದ್ದಿದ್ದರು.

ಯಾವ ಸಾಲು ಮೊದಲು ಬೀಳುತ್ತದೆ? ನಾನು ಇದನ್ನು ಊಹಿಸಲು ಹೋಗಿ ಹತ್ತಾರು ಸಲ ಸೋತಿದ್ದೇನೆ. ಮೇಲ್ಮೈಗೆ ಬಣ್ಣದ ಚುಕ್ಕೆ ಸಿಂಪಡಿಸಿ, ಕ್ಯಾಮೆರಾದಲ್ಲಿ ಹಿಡಿದು, ಚುಕ್ಕೆಗಳು ಎಷ್ಟೆಷ್ಟು ಸರಿದವು ಎಂದು ಕಂಪ್ಯೂಟರಿನಲ್ಲಿ ಅಳೆಯುವ ವಿಧಾನವಿದೆ. ದೊಡ್ಡ ಗೂಡುಗಳಿರುವ ಕಡೆ ಬೆರಳಿಟ್ಟು ‘ಇಲ್ಲಿ’ ಎನ್ನುತ್ತಿದ್ದೆ. ಕುಸಿತ ಬೇರೆಲ್ಲೋ ಶುರುವಾಗುತ್ತಿತ್ತು. 2000ದ ಆಸುಪಾಸಿನಲ್ಲಿ ಬಸ್ತಾವ್ರೋಸ್, ಬಾರ್ಟ್-ಸ್ಮಿತ್ ಮತ್ತು ಎವಾನ್ಸ್ ಇದೇ ಅಲ್ಪೋರಾಸ್ ಮೇಲೆ ಇದೇ ವಿಧಾನದಿಂದ ಮಾಡಿದ ಕೆಲಸ ಓದಿದ ಮೇಲೆ ಸಮಾಧಾನವಾಯಿತು. ಗೂಡಿನ ಗಾತ್ರ ಅಷ್ಟು ಮುಖ್ಯವಲ್ಲ, ಆಕಾರ ಮುಖ್ಯ ಎಂದು ಅವರು ಕಂಡುಕೊಂಡಿದ್ದರು. ಮೊಟ್ಟೆಯಂತೆ ಉದ್ದಕ್ಕೆ ಎಳೆದುಕೊಂಡ, ಒಂದು ಗೋಡೆ ಇನ್ನೊಂದರ ನಡುವಿಗೆ ಬಂದು ನೇರ ಚುಚ್ಚಿಕೊಂಡಿರುವ ಗೂಡುಗಳು ಮೊದಲು ಕೈಬಿಡುತ್ತವೆ. ಅದೂ ಗ್ರಾಫಿನಲ್ಲಿ ಗರಿಷ್ಠ ಭಾರ ಕಾಣುವುದಕ್ಕಿಂತ ಎಷ್ಟೋ ಮೊದಲೇ ಪಟ್ಟಿ ಪಟ್ಟಿಯಾಗಿ ಬಾಗಲು ತೊಡಗಿರುತ್ತವೆ. ಹೊರಗಿನಿಂದ ನೋಡುವವರಿಗೆ ತುಂಡು ನೆಟ್ಟಗೆ ನಿಂತಿರುತ್ತದೆ.

ಎಳೆಯುವ ಪರೀಕ್ಷೆ ಇನ್ನೊಂದು ಲೋಕ. ನೊರೆಯನ್ನು ಯಂತ್ರದ ಹಿಡಿಗೆ ಕೊಟ್ಟರೆ ಹಿಡಿಯಲ್ಲೇ ಜಜ್ಜಿಹೋಗುತ್ತದೆ. ತುದಿಗಳನ್ನು ಲೋಹದ ಫಲಕಕ್ಕೆ ಅಂಟಿಸಬೇಕು. ಮೊದಲ ಮೂರು ತುಂಡುಗಳಲ್ಲಿ ನನ್ನ ಅಂಟೇ ಕಿತ್ತುಬಂತು. ಫಲಕವನ್ನು ಸರಿಯಾಗಿ ಒರೆಸದೆ ಅಂಟಿಸಿದ್ದೆ. ‘ಅಂಟು ಕಿತ್ತಿತು, ತುಂಡಿನ ತಪ್ಪಿಲ್ಲ’ ಎಂದು ಮೇಸ್ತ್ರಿಗಳು ಮೂರು ಸಾಲಿನಲ್ಲೂ ಚೊಕ್ಕವಾಗಿ ಬರೆದರು. ನಾಲ್ಕನೆಯದು ನಿಂತಿತು. ಒತ್ತಿದಾಗ ಅರ್ಧಕ್ಕಿಂತ ಹೆಚ್ಚು ಕುಸಿದರೂ ಒಂದಾಗಿಯೇ ಉಳಿದಿದ್ದ ಅದೇ ನೊರೆ, ಎಳೆದಾಗ ನೂರಕ್ಕೆ ಒಂದೆರಡರಷ್ಟು ಉದ್ದವಾಗುವುದರೊಳಗೆ ಎರಡಾಯಿತು. ಇಲ್ಲಿ ಒಂದು ಸಾಲು ಬಿದ್ದರೆ ಪಕ್ಕದ ಗೋಡೆ ಬಂದು ಆಸರೆ ಕೊಡುವುದಿಲ್ಲ. ಗೋಡೆಗಳು ದೂರ ಸರಿಯುತ್ತವೆ, ಉಳಿದವುಗಳ ಮೇಲೆ ಭಾರ ಹೆಚ್ಚುತ್ತದೆ, ಅಷ್ಟೇ.

ಆದರೂ ಅದು ಬಳೆಯ ಹಾಗೆ ಒಡೆಯಲಿಲ್ಲ. ಮಸೂರದಡಿ ನೋಡಿದರೆ ಒಂದೊಂದು ಗೋಡೆಯ ಅಂಚೂ ಹಿಗ್ಗಿ, ತೆಳ್ಳಗಾಗಿ, ಆಮೇಲೆ ಬಿಟ್ಟಿತ್ತು. ಬಿರುಕು ನೇರ ಗೆರೆಯಲ್ಲಿ ಹೋಗಿರಲಿಲ್ಲ. ತೆಳು ಗೋಡೆಗಳನ್ನು ಹುಡುಕುತ್ತಾ ಅಂಕುಡೊಂಕಾಗಿ ನಡೆದು, ದಪ್ಪ ಗಂಟು ಸಿಕ್ಕಲ್ಲಿ ಅದನ್ನು ಹಾಗೇ ಬಿಟ್ಟು ಆಚೆ ಬದಿಯಲ್ಲಿ ಮತ್ತೆ ಶುರುವಾಗಿತ್ತು. ಹಾಗೆ ಬಿಟ್ಟುಹೋದ ಗಂಟುಗಳು ಬಿರುಕಿನ ಎರಡು ದಡಗಳನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿರುತ್ತವೆ. ಹಳೆಯ ಪಂಚೆ ಹರಿದಾಗ ನಡುನಡುವೆ ನಾಲ್ಕಾರು ಎಳೆ ಉಳಿದು ಎರಡೂ ಪಾಲನ್ನು ಜೋತು ಹಿಡಿದಿರುತ್ತವಲ್ಲ, ಹಾಗೆ. ಇದರಿಂದಾಗಿ ಬಿರುಕು ಮುಂದೆ ಹೋದಷ್ಟೂ ಅದನ್ನು ಇನ್ನೂ ಮುಂದಕ್ಕೆ ಒಯ್ಯಲು ಹೆಚ್ಚು ಬಲ ಬೇಕಾಗುತ್ತದೆ. ಕೇಂಬ್ರಿಜ್‌ನಲ್ಲಿ ನಾರ್ಮನ್ ಫ್ಲೆಕ್ ಮತ್ತು ಆಶ್ಬಿ ಅವರ ಗುಂಪು, ಆಸ್ಟ್ರಿಯಾದ ಲಿಯೋಬೆನ್‌ನಲ್ಲಿ ಮೋಟ್ಸ್ ಮತ್ತು ಪಿಪ್ಪಾನ್ ಈ ಹಿಡಿತವನ್ನು ಸಾವಧಾನವಾಗಿ ಅಳೆದಿದ್ದಾರೆ. ಬಟ್ಟೆಗೆ ಹಲ್ಲಿನಿಂದ ಸಣ್ಣ ಕಚ್ಚು ಹಾಕಿಕೊಟ್ಟರೆ ಸರ್ರನೆ ಹರಿಯುತ್ತದೆ. ನೊರೆಗೆ ಸಣ್ಣ ಕಚ್ಚು ಹಾಕಿದರೆ ಅದು ಕ್ಯಾರೇ ಎನ್ನುವುದಿಲ್ಲ. ಮೈತುಂಬ ಆ ಗಾತ್ರದ ತೂತುಗಳನ್ನೇ ಹೊತ್ತಿರುವುದಕ್ಕೆ ಇನ್ನೊಂದು ಯಾವ ಲೆಕ್ಕ?

ಇನ್ನೊಂದು ಮಾತು. ಲೋಹ ಮಂದವಾಗಲು ಹಾಕಿದ ಕ್ಯಾಲ್ಸಿಯಂ, ಉಕ್ಕಲು ಹಾಕಿದ ಟೈಟೇನಿಯಂ ಎರಡೂ ಅಲ್ಯೂಮಿನಿಯಮ್ಮಿನ ಜೊತೆ ಸೇರಿ ಗೋಡೆಯೊಳಗೆ ಪೆಡಸು ಕಣಗಳಾಗಿ ಕೂರುತ್ತವೆ. ಸೂಕ್ಷ್ಮದರ್ಶಕದಲ್ಲಿ ಬಿರುಕು ಈ ಕಣಗಳ ಬಳಿಯಿಂದಲೇ ಹೊರಡುವುದನ್ನು ನೋಡಬಹುದು. ಅವಿಲ್ಲದಿದ್ದರೆ ನೊರೆಯೇ ಇರುತ್ತಿರಲಿಲ್ಲ. ನಾಲ್ಕನೆಯ ತುಂಡಿಗೆ ಮೇಸ್ತ್ರಿಗಳು ಬರೆದದ್ದು ‘ಹರಿಯಿತು’. ನಾನು ಪ್ರಬಂಧದಲ್ಲಿ ಅದಕ್ಕೆ ಎರಡು ಪುಟ ಖರ್ಚು ಮಾಡಿದೆ.

ಇಷ್ಟೆಲ್ಲ ಗುಣವಿರುವ ವಸ್ತು ನಮ್ಮ ಕಾರುಗಳಲ್ಲಿ ಯಾಕೆ ಕಾಣುವುದಿಲ್ಲ ಎಂದು ಈಗಲೂ ಕೆಲವರು ಕೇಳುತ್ತಾರೆ. ಜಪಾನಿನಲ್ಲಿ ಎತ್ತರದ ಹೆದ್ದಾರಿಗಳ ಅಡಿಯಲ್ಲಿ ಸದ್ದು ಹೀರಲು ಹಾಕಿದ್ದಾರೆ, ಇನ್ನೂ ಒಂದಷ್ಟು ಕಡೆ ಬಳಕೆಯಾಗಿದೆ. ಆದರೆ ಮೂವತ್ತು ವರ್ಷಗಳ ಹಿಂದೆ ಹೇಳಿದ ದೊಡ್ಡ ಮಾತುಗಳಿಗೆ ಇದು ಸಾಲದು. ಬೆಲೆ ಒಂದು ಕಾರಣ, ನಿಜ. ನನ್ನ ಪ್ರಕಾರ ದೊಡ್ಡ ಕಾರಣ ಆ ‘ಒಂದಷ್ಟು’ ಸೋರಿಕೆ. ಒಂದೇ ಹಲಗೆಯಿಂದ ಅಕ್ಕಪಕ್ಕ ಕೊಯ್ದ ಎರಡು ತುಂಡು ಒಂದೇ ಭಾರಕ್ಕೆ ಕುಸಿಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮಮೂರ್ತಿ ಮತ್ತು ಪಾಲ್ 2004ರಲ್ಲಿ ಪ್ರಕಟಿಸಿದ ಲೇಖನದ ವಿಷಯವೇ ಈ ಏರುಪೇರು. ಸಾಲು ಸಾಲು ತುಂಡುಗಳನ್ನು ಪರೀಕ್ಷಿಸಿ, ಸರಾಸರಿಯ ಬದಲು ಹರವನ್ನೇ ಅವರು ಅಧ್ಯಯನ ಮಾಡಿದ್ದರು. ತುಂಡಿನಲ್ಲಿ ಏಳೆಂಟು ಗೂಡಾದರೂ ಅಡ್ಡಕ್ಕೆ ಇಲ್ಲದಿದ್ದರೆ ಸಿಗುವ ಅಂಕಿಗೆ ಅರ್ಥವೇ ಇಲ್ಲ. ಕಾರು ಮಾಡುವವನಿಗೆ ಸರಾಸರಿ ಬೇಡ. ಲಕ್ಷ ತುಂಡಿನಲ್ಲಿ ಅತಿ ದುರ್ಬಲವಾದದ್ದು ಎಷ್ಟು ತಡೆಯುತ್ತದೆ ಎಂದು ಹೇಳಿ ಎನ್ನುತ್ತಾನೆ. ಸಾದಾ ಟೊಳ್ಳು ಕೊಳವೆ ಆ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡುತ್ತದೆ. ನೊರೆ ತಡವರಿಸುತ್ತದೆ.

ಈಚಿನವರು ನೊರೆಯ ಗೊಡವೆಯೇ ಬೇಡವೆಂದು ಗೂಡುಗಳನ್ನು ಎಣಿಸಿ ಕಟ್ಟುವ ಜಾಲರಿಗಳ ಕಡೆ ಹೋಗಿದ್ದಾರೆ. ಚೌಕದ ಚೌಕಟ್ಟು ಒರಗುತ್ತದೆ, ತ್ರಿಕೋನ ಒರಗುವುದಿಲ್ಲ. ಸಾರುವೆ ಕಟ್ಟುವವರು ಓರೆಗೆ ಒಂದು ಬೊಂಬು ಬಿಗಿಯುವುದು ಇದಕ್ಕೇ. ಜಾಲರಿಯಲ್ಲೂ ಓರೆ ಕಡ್ಡಿಗಳು ಸಾಕಷ್ಟಿದ್ದರೆ ಯಾವುದೂ ಬಾಗಬೇಕಾಗಿಲ್ಲ, ಬಲ ಸಾಂದ್ರತೆಯ ಜೊತೆಯಲ್ಲೇ ಇಳಿಯುತ್ತದೆ. 2011ರಲ್ಲಿ ಅಮೆರಿಕದವರು ಸೆಂಟಿಮೀಟರ್ ಘನಕ್ಕೆ ಒಂದು ಮಿಲಿಗ್ರಾಮಿಗಿಂತ ಕಡಿಮೆ ತೂಗುವ ನಿಕಲ್ ಜಾಲರಿಯನ್ನು ಹೂವಿನ ಬೀಜದ ನವಿರು ತಲೆಯ ಮೇಲೆ ಕೂರಿಸಿ ಫೋಟೊ ತೆಗೆದದ್ದು ಎಲ್ಲ ಕಡೆ ಓಡಾಡಿತ್ತು. ಚೆಂದದ ಫೋಟೊ. ನನಗೆ ಮಾತ್ರ ಈ ಸೋರಿದ, ಸೊಟ್ಟ, ಎಣಿಕೆಗೆ ಸಿಗದ ನೊರೆಯೇ ಇಷ್ಟ.

ಪ್ರಬಂಧ ಒಪ್ಪಿಸಿ ಕೆಲವು ವರ್ಷಗಳಾದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ನೀರಿನ ಬಿಂದಿಗೆ ಎತ್ತಲು ಬಗ್ಗಿದವಳು ಹಾಗೇ ಕೂತುಬಿಟ್ಟಳು. ಎಕ್ಸ್‌ರೇ ತೆಗೆಸಿದೆವು. ಬೆನ್ನುಮೂಳೆ ಮುರಿದಿದೆ ಎಂದು ವೈದ್ಯರು ಹೇಳಿದರು. ಅಜ್ಜಿಗೆ ಬಂದದ್ದು ನೋವಿಗಿಂತ ಹೆಚ್ಚಾಗಿ ಸಿಟ್ಟು. “ನಾನು ಬಿದ್ದೇ ಇಲ್ಲ. ಬೀಳದೆ ಮೂಳೆ ಮುರಿಯುತ್ತದೆಯೇನೇ? ಇವರಿಗೆ ಏನೂ ಗೊತ್ತಿಲ್ಲ” ಎಂದು ಆಟೋದಲ್ಲಿ ದಾರಿಯುದ್ದಕ್ಕೂ ಗೊಣಗಿದಳು.

ಮನೆಗೆ ಬಂದು ಆ ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿದೆ. ಉಳಿದ ಮಣಿಗಳೆಲ್ಲ ಚೌಕ, ಒಂದು ಮಾತ್ರ ಮುಂಭಾಗದಲ್ಲಿ ತಗ್ಗಿ ಬೆಣೆಯ ಆಕಾರಕ್ಕೆ ಬಂದಿತ್ತು. ಎಲ್ಲೂ ಗೆರೆಯಿಲ್ಲ, ಚೂರಿಲ್ಲ. ಬೆನ್ನೆಲುಬಿನ ಮಣಿ ಎಂದರೆ ತೆಳು ಚಿಪ್ಪು, ಒಳಗೆಲ್ಲ ಜಾಲರಿ ಮೂಳೆ. ನಾನು ಎರಡು ವರ್ಷ ಒತ್ತಿದ ವಸ್ತುವಿನ ಹತ್ತಿರದ ನೆಂಟ. ಗಿಬ್ಸನ್ ಲೆಕ್ಕ ಅದಕ್ಕೂ ನಡೆಯುತ್ತದೆ, ಅದರ ಬಲವೂ ಸರಿಸುಮಾರು ಸಾಂದ್ರತೆಯ ವರ್ಗದ ಹಾದಿ ಹಿಡಿಯುತ್ತದೆ. ವಯಸ್ಸಿಗೆ ನೂರಕ್ಕೆ ಮೂವತ್ತರಷ್ಟು ಸವೆದರೆ ಬಲ ಅರ್ಧ. ಜೀವವಿರುವ ಮೂಳೆಯಲ್ಲಿ ಇನ್ನೂ ಒಂದು ಕಷ್ಟವಿದೆ. ಕಡ್ಡಿಗಳು ತೆಳ್ಳಗಾಗುವುದಷ್ಟೇ ಅಲ್ಲ, ಕೆಲವು ಇಲ್ಲವೇ ಆಗಿಬಿಡುತ್ತವೆ. ನೊರೆಗೆ ಸಣ್ಣ ಭಾರವನ್ನೇ ಲಕ್ಷಾಂತರ ಸಲ ಹೊರಿಸಿ ಇಳಿಸಿದರೆ ಅದು ಸದ್ದಿಲ್ಲದೆ ಕುಳ್ಳಗಾಗುತ್ತಾ ಹೋಗುತ್ತದೆ ಎಂಬುದನ್ನು ನಾನೇ ಯಂತ್ರದ ಮುಂದೆ ರಾತ್ರಿ ಕೂತು ನೋಡಿದ್ದೆ. ಅಜ್ಜಿ ಎಷ್ಟು ಸಾವಿರ ಬಿಂದಿಗೆ ಎತ್ತಿದ್ದಳೋ.

“ಮುರಿದಿಲ್ಲ ಅಜ್ಜಿ, ನೀನು ಹೇಳಿದ್ದೇ ಸರಿ. ಕುಸಿದಿದೆ” ಎಂದೆ.

“ಹಾಗೆ ಹೇಳು ಮತ್ತೆ. ಮಳೆಗಾಲದಲ್ಲಿ ಗೋಡೆ ಕೂತ ಹಾಗೆ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, ಕೂತದ್ದು ಮತ್ತೆ ಏಳುತ್ತದೆಯೇ ಎಂದು ಕೇಳಿದಳು. ಇಲ್ಲ ಎಂದೆ. ನಮ್ಮ ದಾಖಲೆ ಪುಸ್ತಕದಲ್ಲಿ ಭಾರ ತೆಗೆದ ಮೇಲಿನ ಎತ್ತರಕ್ಕೂ ಒಂದು ಅಂಕಣವಿತ್ತು. ಅಲ್ಲಿನ ಅಂಕಿಗಳು ಒಂದು ಕೂದಲೆಳೆಗಿಂತ ಹೆಚ್ಚು ಮೇಲೆದ್ದದ್ದಿಲ್ಲ.

ಎರಡು ತಿಂಗಳು ಬೆಲ್ಟು ಕಟ್ಟಿಕೊಂಡು ಮಲಗಿ ಎದ್ದಳು. ಎದ್ದವಳು ಮೊದಲು ಮಾಡಿಸಿದ ಕೆಲಸ, ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಕ್ಯಾಲೆಂಡರಿನ ಮೊಳೆಯನ್ನು ಕೀಳಿಸಿ ನಾಲ್ಕು ಬೆರಳು ಕೆಳಗೆ ಹೊಡೆಸಿಕೊಂಡದ್ದು. ಹಳೆಯ ಮೊಳೆಯ ತೂತು ಈಗಲೂ ಅಲ್ಲಿಯೇ ಇದೆ.